ಮಲಗಿಸಿ ಒಯ್ಯಿರಿ

"ಎತ್ತಬ್ಯಾಡಿ ಭಾವ! ಕೈ ಬುಡಿ ಅಂದೆ!"

ತಮ್ಮನ ಹೆಣದ ಕಂಕುಳಿಗೆ ಕೈಕೊಟ್ಟು ಕೂರಿಸಲು ಹೊರಟಿದ್ದ ಬೆಟ್ಟಯ್ಯ ನಾದಿನಿ ರಂಗಲಕ್ಷ್ಮಮ್ಮನತ್ತ ಕಣ್ಣುಬಿಟ್ಟ. ಗಂಗಹನುಮಯ್ಯ ಬೆಳಗ್ಗೆ ಎದೆ ಹಿಡಿದುಕೊಂಡು ಹೋಗಿಬಿಟ್ಟಿದ್ದ. ಚೇಳೂರಿನ ಆ ಮನೆಯ ಅಂಗಳದಲ್ಲಿ ಕೂರಿಸಿ ಒಯ್ಯುವ ಚಟ್ಟ ಆಗಲೇ ಸಿದ್ಧವಾಗಿತ್ತು.

"ನಮ್ಮ ವಂಶದಾಗೆ ಯಾರ್ನೂ ಮಲಗ್ಸಿ ಕಳ್ಸಿಲ್ಲ ಕಣಮ್ಮ. ಅಪ್ಪನ್ನೂ ಕೂರ್ಸೇ ಒಯ್ದಿದ್ದು. ಊರಿಗೊಂದು ದಾರಿ ಆದ್ರೆ ನಿಂಗೊಂದು ದಾರಿಯಾ?"

"ನಿಮ್ಮಪ್ಪನಿಗೆ ಕುತ್ತಿಗೆ ನೋವಿತ್ತಾ?"

ಅಳುತ್ತಿದ್ದ ಹೆಂಗಸರು ಅಳು ನಿಲ್ಲಿಸಿ ಕಿವಿ ನಿಮಿರಿಸಿದರು. ರಂಗಲಕ್ಷ್ಮಮ್ಮನಿಗೆ ರೋಸಿಹೋಗಿತ್ತು. ಗಂಡ ಸತ್ತಿದ್ದಾನೆ, ನೆಮ್ಮದಿಯಾಗಿ ಅಳೋಣವೆಂದರೆ ಈ ಜನ ಅದಕ್ಕೂ ಪುರುಸೊತ್ತು ಕೊಡುತ್ತಿಲ್ಲ.

*

ತೆಂಗಿನ ತೋಟ ಗುತ್ತಿಗೆ ಹಿಡಿಯುವ ಸಾಹುಕಾರರಿಗಾಗಿ ಮರ ನೋಡುವುದು ಗಂಗಹನುಮಯ್ಯನ ಕೆಲಸ. ದಿನವಿಡೀ ತಲೆ ಹಿಂದಕ್ಕೆ ವಾಲಿಸಿ, ಎಷ್ಟು ಫಸಲು ಬಂದೀತೆಂದು ಅಂದಾಜು ಹೇಳಬೇಕು. ವಯಸ್ಸು ಐವತ್ತೈದಾಗುವ ಹೊತ್ತಿಗೆ ಕುತ್ತಿಗೆ ತಿರುಗದಾಯಿತು. ಯಾರಾದರೂ ಕರೆದರೆ ಇಡೀ ಮೈಯನ್ನೇ ತಿರುಗಿಸುತ್ತಿದ್ದ. ಊರಿನವರೆಲ್ಲ ವೈದ್ಯರಾದರು, ಒಬ್ಬರು ಹರಳೆಣ್ಣೆ ಅಂದರೆ ಇನ್ನೊಬ್ಬರು ಗಾಳಿ ಸೋಕಿದೆ ಅಂದರು. ಕೊನೆಗೆ ಹೆಂಡತಿಯೇ ತುಮಕೂರಿಗೆ ಎಳೆದುಕೊಂಡು ಹೋದಳು.

"ಕತ್ತಿನ ಮೂಳೆಗಳ ನಡುವೆ ಸಣ್ಣ ಸಣ್ಣ ಕೀಲು ಇರ್ತವೆ. ನಿಮ್ಮವು ಸವೆದಿವೆ," ಅಂದರು ಡಾಕ್ಟರು. "ಬಿಸಿ ಶಾಖ ಕೊಡಿ. ದಪ್ಪ ದಿಂಬು ಬೇಡ, ಟವೆಲ್ ಸುತ್ತಿ ಕತ್ತಿನ ಕೆಳಗಿಟ್ಕೊಳ್ಳಿ. ನಿಧಾನವಾಗಿ ಕತ್ತು ಆಡಿಸಿ. ಯಾರ ಕೈಲೂ ನೆಟಿಗೆ ತೆಗೆಸಬೇಡಿ. ಮೇಲೆ ನೋಡೋದು ಕಡಿಮೆ ಮಾಡಿ."

"ತೆಂಗಿನಕಾಯಿ ನೆಲದಾಗೆ ಬುಡ್ತವಾ ಸ್ವಾಮಿ?"

ಆ ವಾರವೇ ಬೆಟ್ಟಯ್ಯ ತಮ್ಮನನ್ನು ಗುಬ್ಬಿಗೆ, ಕತ್ತು ತಿರುವಿ ನೆಟಿಗೆ ತೆಗೆಯುವವನೊಬ್ಬನ ಹತ್ತಿರ ಕರೆದೊಯ್ದ. ಲಟಕ್ಕೆಂದಿತು. ಅಂದಿನಿಂದ ಗಂಗಹನುಮಯ್ಯನಿಗೆ ಮಲಗಿದರೆ ಪ್ರಾಣ ಹೋದಂತೆ. ಗೋಡೆಗೆ ಒರಗಿ ಕೂತೇ ನಿದ್ದೆ. ಹೆಂಡತಿ ಟವೆಲ್ ಸುತ್ತಿಕೊಟ್ಟರೆ, "ನಿನ್ನ ಡಾಕ್ಟರಿಕೆ ಸಾಕು" ಎಂದು ಎಸೆಯುತ್ತಿದ್ದ. ಇಂಥ ಮೊಂಡನನ್ನು ಕಟ್ಟಿಕೊಂಡು ಅವಳು ಹಣೆ ಚಚ್ಚಿಕೊಳ್ಳದ ದಿನವಿರಲಿಲ್ಲ.

*

ಬೆಟ್ಟಯ್ಯ ಕೇಳಲಿಲ್ಲ, ಕೂರಿಸಿಯೇಬಿಟ್ಟ. ಹೆಣದ ತಲೆ ಎಡಕ್ಕೆ ವಾಲಿತು.

"ಒಂದು ಪಂಚೆ ತತ್ತಾ ಚೌಡಪ್ಪ, ಕತ್ತು ಎಳ್ದು ಕಟ್ಟಾನ," ಎಂದು ಚಟ್ಟ ಕಟ್ಟಿದವನನ್ನು ಕೂಗಿದ.

"ಅವತ್ತು ತಿರುವಿಸ್ಕೊಂಡ್ ಬಂದ್ರಿ, ಇವತ್ತು ಎಳ್ದು ಕಟ್ತೀರಾ?" ರಂಗಲಕ್ಷ್ಮಮ್ಮನ ದನಿ ಒಡೆಯಿತು. "ಎಂಟು ವರ್ಷ ಕೂತ್ಕಂಡೇ ನಿದ್ದೆ ಮಾಡೈತೆ ಈ ಜೀವ. ಇವತ್ತಾದ್ರೂ ಬೆನ್ನು ಚಾಚ್ಲಿ ಭಾವ. ಇವತ್ತು ನೋಯಕಿಲ್ಲ."

ಬೆಟ್ಟಯ್ಯ ಪಂಚೆಗೆ ಚಾಚಿದ್ದ ಕೈಯನ್ನು ಹಿಂದಕ್ಕೆಳೆದುಕೊಂಡ. ತಮ್ಮನ ತಲೆಗೆ ಅಂಗೈ ಕೊಟ್ಟು, ಎಳೆಕೂಸನ್ನು ಮಲಗಿಸುವಂತೆ ಮೆಲ್ಲಗೆ ಮಲಗಿಸಿದ.

"ಚಟ್ಟದ ಬೆನ್ನಿನ ಗಳ ಬಿಚ್ಚೋ ಚೌಡಪ್ಪ, ಮಲಗ್ಸೇ ಒಯ್ಯಾನ. ಊರೋರು ಕೇಳಿದ್ರೆ ನಾನೇ ಹೇಳ್ತೀನಿ," ಅಂದ.

ಮಣ್ಣು ಮಾಡಿ ಬಂದವರ ಸ್ನಾನ ಮುಗಿಯುವ ಹೊತ್ತಿಗೆ ಗಂಡನ ತಂಗಿ ಹನುಮಮ್ಮ ಚಾಪೆ ಹಾಸಿದಳು. "ಒಸಿ ಮನಿಕ್ಕಳಿ ಅತ್ತಿಗೆ. ಇನ್ನೇನು ಯಾರ ಕಾಟಾನೂ ಇಲ್ಲ."

ರಂಗಲಕ್ಷ್ಮಮ್ಮ ಮಲಗಿದಳು. ಆ ಕಡೆ ಹೊರಳಿದಳು, ಈ ಕಡೆ ಹೊರಳಿದಳು. "ಥೂ, ಇದನ್ನೂ ನಂಗೆ ಕಲಿಸ್ಬುಟ್ಟು ಹೋದ್ನಲ್ಲ ಈವಯ್ಯ," ಎಂದು ಬೈದುಕೊಂಡು ಎದ್ದು, ಗೋಡೆಗೆ ಒರಗಿ ಕೂತಳು. ಕೂತೊಡನೆ ಕಣ್ಣು ಮುಚ್ಚಿತು. ನಿದ್ದೆಯಲ್ಲಿ ಗಂಡನ ತಲೆ ದಿನಾ ಬಂದು ಬೀಳುತ್ತಿದ್ದ ಬಲಭುಜವನ್ನು ಒಂದಿಷ್ಟು ತಗ್ಗಿಸಿಕೊಂಡೇ ಇದ್ದಳು.