ನಾಲ್ಕನೇ ನಂಬರಿನ ಬಗ್ಗೆ ಶಿಫಾರಸು

ಮುಂದಿನ ಸೀಸನ್ನಿನ ಹತ್ತು ಪಂದ್ಯಗಳಲ್ಲಿ ನಮ್ಮ ಹುಡುಗರ ಕಾಲೇಜು ಹನ್ನೆರಡಕ್ಕಿಂತ ಹೆಚ್ಚು ಗೋಲು ಬಿಟ್ಟುಕೊಡುವುದಿಲ್ಲ ಎಂದು ಬರೆದು ಸಹಿ ಹಾಕಿ ಕೊಟ್ಟವನು ನಾನು. ಅದರ ಹಿಂದಿನ ಸೀಸನ್ನಿನಲ್ಲಿ ಅವರು ಇಪ್ಪತ್ತಮೂರು ಗೋಲು ತಿಂದಿದ್ದರು. ಆರು ಕಾಲೇಜುಗಳ ಲೀಗಿನಲ್ಲಿ ಐದನೇ ಸ್ಥಾನ.

ನಾನು ಫುಟ್ಬಾಲಿನ ಪಂಡಿತನಲ್ಲ. ಈ ಕೊಲ್ಲಿ ನಾಡಿನ ಸಿತ್ರಾದ ಒಂದು ಕಾರ್ಖಾನೆಯಲ್ಲಿ ಹದಿನೆಂಟು ವರ್ಷದಿಂದ ಇನ್‌ಸ್ಪೆಕ್ಟರ್. ಪಂಪು, ವಾಲ್ವು, ಪೈಪುಗಳ ಸುತ್ತ ತಿರುಗಿ, ಎಲ್ಲಿ ಸೋರುತ್ತಿದೆ, ಯಾವುದು ಇನ್ನು ಎಷ್ಟು ದಿನ ತಡೆದೀತು ಎಂದು ಮೊದಲೇ ಬರೆದುಕೊಡುವುದು ನನ್ನ ಕೆಲಸ. ನಮ್ಮ ವರದಿಗೆ ಮೂರೇ ಮೂರು ಅಂಕಣ: ಕಂಡದ್ದು, ಕಾರಣ, ಶಿಫಾರಸು. ಹೆಸರು ಬರೆಯುವ ಪದ್ಧತಿ ಇಲ್ಲ, ಎಲ್ಲದಕ್ಕೂ ನಂಬರು. ನಾನು ಬದಲಾಯಿಸಬೇಕು ಎಂದು ಬರೆದ ವಾಲ್ವನ್ನು ಬದಲಾಯಿಸದೆ ಬಿಟ್ಟು ಪೇಚಾಡಿದವರಿದ್ದಾರೆ. ಹಾಗಾಗಿ ನನ್ನ ಮಾತಿಗೆ ಅಲ್ಲಿ ಬೆಲೆಯಿತ್ತು, ಆ ಬೆಲೆಯ ರುಚಿ ನನಗೂ ಹತ್ತಿತ್ತು.

ಮಗ ರಜತ್ ಕಾಲೇಜು ತಂಡದಲ್ಲಿ ಸ್ಟಾಪರ್ ಬ್ಯಾಕ್. ಗೋಲಿನ ಎದುರು ನಡುವೆ ನಿಂತು ತಡೆಯುವವನು. ಅಂಗಿ ನಂಬರು ನಾಲ್ಕು. ಪಂದ್ಯ ಶುರುವಾಗುವುದು ನಾಲ್ಕು ಗಂಟೆಗೆ. ನನ್ನ ಡ್ಯೂಟಿ ಮುಗಿಯುವುದು ಮೂರೂವರೆಗೆ. ಗೇಟಿನ ತಪಾಸಣೆ ಮುಗಿಸಿ, ಕಂಪನಿ ಬಸ್ಸು ಹಿಡಿದು, ಸಿತ್ರಾ ಸೇತುವೆಯ ಮೇಲಿನ ವಾಹನಗಳ ಸಾಲಿನಲ್ಲಿ ತೆವಳಿ, ಗುಫೂಲ್ ಸಿಗ್ನಲ್ಲಿನಲ್ಲಿ ಇಳಿದು ಸೇಫ್ಟಿ ಬೂಟಿನಲ್ಲೇ ಓಡಿ ಮೈದಾನ ಸೇರುವಾಗ ಐದಕ್ಕೆ ಹತ್ತು ನಿಮಿಷ. ಹುಡುಗರು ಕಿತ್ತಳೆ ಹೋಳು ತಿಂದು ದ್ವಿತೀಯಾರ್ಧಕ್ಕೆ ಎದ್ದು ನಿಂತಿರುತ್ತಿದ್ದರು. ನಾನು ಪಕ್ಕದವರನ್ನು ಸ್ಕೋರ್ ಎಷ್ಟೆಂದು ಕೇಳಿ ಪುಸ್ತಕದಲ್ಲಿ ಬರೆದುಕೊಂಡು ಕೂರುತ್ತಿದ್ದೆ. ಅಲ್ಲಿಂದ ಮುಂದೆ ಒಂದು ಚೆಂಡನ್ನೂ ಬಿಡುತ್ತಿರಲಿಲ್ಲ: ಎಷ್ಟನೇ ನಿಮಿಷ, ಯಾವ ಕಡೆಯಿಂದ ಬಂತು, ಯಾರು ಎಲ್ಲಿ ನಿಂತಿದ್ದರು.

ಮಗನ ಮೂರು ವರ್ಷದ ಮೂವತ್ತು ಪಂದ್ಯಗಳಲ್ಲಿ ಒಂದನ್ನೂ ತಪ್ಪಿಸಿಲ್ಲ ಎಂದು ಬಸ್ಸಿನಲ್ಲಿ, ಊರವರ ಸಂಘದ ಕೂಟಗಳಲ್ಲಿ ಎಲ್ಲರ ಮುಂದೆ ಹೇಳಿಕೊಳ್ಳುತ್ತಿದ್ದೆ.

ಮೇ ತಿಂಗಳಲ್ಲಿ ಕೋಚ್ ಮೌರಿಸ್ ಗುದೈಬಿಯಾದ ನಮ್ಮ ಫ್ಲ್ಯಾಟಿಗೆ ಬಂದ. ಕಾಲೇಜಿನ ವ್ಯಾಯಾಮ ಮೇಷ್ಟ್ರು, ನಮ್ಮ ಮಂಗಳೂರಿನ ಬಿಜೈಯವನು.

"ಸರ್ವೋತ್ತಮಣ್ಣ, ಮ್ಯಾನೇಜ್‌ಮೆಂಟಿನವರು ಮೈದಾನ ಕ್ರಿಕೆಟಿನವರಿಗೆ ಕೊಡ್ತಾರಂತೆ ಮಾರಾಯ್ರೆ. ಇಷ್ಟು ಗೋಲು ತಿನ್ನುವ ಟೀಮು ಯಾಕೆ ಅಂತ ಕೇಳ್ತಾರೆ. ಬರುವ ವರ್ಷ ಡಿಫೆನ್ಸ್ ಸುಧಾರಿಸ್ತದಾ ಇಲ್ವಾ, ಸುಧಾರಿಸಿದ್ರೆ ಹೇಗೆ, ಪೇಪರಿನಲ್ಲಿ ಕೊಡಿ ಅಂತ ಹೇಳಿದ್ದಾರೆ. ನನ್ನ ಹತ್ರ ಪೀಪಿ ಮಾತ್ರ ಉಂಟು. ನಿಮ್ಮ ಹತ್ರ ಪುಸ್ತಕ ಉಂಟಲ್ಲ?"

"ಉಂಟು," ಎಂದೆ. ನನ್ನ ದನಿ ಸ್ವಲ್ಪ ದಪ್ಪವಾಗಿದ್ದಿರಬೇಕು. ಒಳಗೆ ಮೀನು ಹುರಿಯುತ್ತಿದ್ದ ನನ್ನ ಹೆಂಡತಿ ಲೀಲಾಕ್ಷಿ, "ಕೊಡಿ ಕೊಡಿ, ಮನೆಯ ನಲ್ಲಿ ಎರಡು ತಿಂಗಳಿಂದ ಸೋರ್ತದೆ, ಅದರ ವರದಿ ಆಮೇಲೆ ಬರೀಬಹುದು," ಎಂದಳು. ಮೌರಿಸ್ ಜೋರಾಗಿ ನಕ್ಕ.

ವಾರದ ರಜೆಯ ಎರಡು ಶುಕ್ರವಾರ ಕೂತು ಪುಸ್ತಕವನ್ನು ಜಾಲಾಡಿದೆ. ಇಪ್ಪತ್ತಮೂರು ಗೋಲುಗಳಲ್ಲಿ ಹದಿನೇಳು ದ್ವಿತೀಯಾರ್ಧದವು. ಹದಿನೇಳರಲ್ಲಿ ಹದಿಮೂರು ನಡುವಿನಿಂದ, ಅಂದರೆ ನಾಲ್ಕನೇ ನಂಬರು ಕಾಯುವ ಜಾಗದಿಂದ. ನನ್ನ ಟಿಪ್ಪಣಿಗಳಲ್ಲಿ ಒಂದೇ ಮಾತು ಮತ್ತೆ ಮತ್ತೆ: ನಾಲ್ಕು ತಡವಾಗಿ ಬಂದ. ನಾಲ್ಕು ಜಾರಿ ಬಿದ್ದು ಅಡ್ಡ ಹಾಕಿದ. ನಾಲ್ಕು ಎಡಕ್ಕೆ ಹೋದಾಗ ಬಲ ಖಾಲಿ. ಗ್ಯಾಲರಿಯ ಹುಡುಗರು ಅವನು ಜಾರಿ ಬಿದ್ದು ಚೆಂಡು ಕಸಿದಾಗಲೆಲ್ಲ ಸೀಟಿ ಹೊಡೆಯುತ್ತಿದ್ದರು. ನನಗೆ ಸೀಟಿ ಕೇಳಿಸುತ್ತಿರಲಿಲ್ಲ. ಕೊನೆಯ ಗಳಿಗೆಯಲ್ಲಿ ಓಡಿ ಬಂದು ಮುಚ್ಚುವ ವಾಲ್ವು ಒಳ್ಳೆಯ ವಾಲ್ವಲ್ಲ ಎನ್ನುವುದು ನನಗೆ ಕೆಲಸ ಕಲಿಸಿದ ಪಾಠ.

ನಾಲ್ಕನೇ ನಂಬರು ನನ್ನ ಮಗ ಎಂಬುದು ಮರೆತಿರಲಿಲ್ಲ. ಮರೆತಿರಲಿಲ್ಲ ಎನ್ನುವುದೇ ನನಗೆ ಒಂಥರಾ ಹೆಮ್ಮೆ ಕೊಟ್ಟಿತು. ಸ್ವಂತ ಮಗನಾದರೂ ಮುಲಾಜು ನೋಡದ ಮನುಷ್ಯ ಎಂದು ನಾಲ್ಕು ಜನ ಅನ್ನುವುದು ಬರೆಯುವಾಗಲೇ ಕಿವಿಗೆ ಬಿದ್ದಂತಾಯಿತು. ಕಂಡದ್ದು: ಇಷ್ಟು. ಕಾರಣ: ನಾಲ್ಕರ ಸ್ಥಾನಪ್ರಜ್ಞೆ ದುರ್ಬಲ. ಶಿಫಾರಸು: ನಾಲ್ಕನ್ನು ಬದಲಾಯಿಸತಕ್ಕದ್ದು. ಬದಲಾಯಿಸಿದಲ್ಲಿ ಹನ್ನೆರಡು ಗೋಲುಗಳ ಒಳಗೆ ನಿಲ್ಲುವ ನಿರೀಕ್ಷೆಯಿದೆ.

ಅವನಿಗೆ ಅದು ನಾಲ್ಕು ವರ್ಷದ ಬಿಬಿಎಯ ಕೊನೆಯ ವರ್ಷ, ಕೊನೆಯ ಸೀಸನ್. ಅದೂ ಗೊತ್ತಿತ್ತು.

ಮ್ಯಾನೇಜ್‌ಮೆಂಟ್ ಮೈದಾನ ಉಳಿಸಿಕೊಟ್ಟಿತು. ಮೌರಿಸ್ ಸಂತೋಷದಲ್ಲಿ ವರದಿಯ ಫೋಟೊ ತೆಗೆದು ತಂಡದ ವಾಟ್ಸಾಪ್ ಗುಂಪಿಗೆ ಹಾಕಿದ. ಅವತ್ತು ಸಂಜೆ ನಾನು ಬೂಟು ಬಿಚ್ಚುತ್ತಿದ್ದಾಗ ರಜತ್ ಮೊಬೈಲು ಹಿಡಿದುಕೊಂಡು ಎದುರು ಬಂದು ನಿಂತ.

"ಪಪ್ಪ, ಇದು ನೀವು ಬರೆದದ್ದಾ?"

"ಹೌದು."

"ಯಾರಾದ್ರೂ ಬರೆಸಿದ್ದಾ?"

"ನನ್ನ ಹತ್ರ ಯಾರೂ ಏನೂ ಬರೆಸೋದಿಲ್ಲ. ಇದ್ದದ್ದನ್ನು ಬರೆದಿದ್ದೇನೆ."

ಅವನು ಮೊಬೈಲು ಜೇಬಿಗೆ ಹಾಕಿಕೊಂಡ. "ಓಕೆ," ಎಂದ. ವಾದಿಸಲಿಲ್ಲ. ವಾದಿಸಿದ್ದರೆ ಪುಸ್ತಕ ತೆರೆದು ತೋರಿಸಲು ತಯಾರಾಗಿದ್ದೆ. ಒಳಗೆ ಅವನ ತಾಯಿ, "ಕೊನೇ ವರ್ಷ ಅಲ್ವಾ ಮಗ, ಓದಲಿಕ್ಕೆ ಅಂತ ಮಾಡಿದ್ದು ಪಪ್ಪ," ಎಂದು ಸಮಾಧಾನ ಮಾಡುವುದು ಕೇಳಿಸಿತು. ನಾನು ತಿದ್ದಲು ಹೋಗಲಿಲ್ಲ. ಮಕ್ಕಳ ಎದುರು ಅವಳ ಮಾತನ್ನು ಯಾಕೆ ತೆಗೆದುಹಾಕುವುದು ಎಂದುಕೊಂಡೆ.

ಅಕ್ಟೋಬರಿನಲ್ಲಿ ಪಂದ್ಯಗಳು ಶುರುವಾದವು. ನಾಲ್ಕನೇ ನಂಬರಿನ ಅಂಗಿ ಮೊದಲ ವರ್ಷದ ಜೊಕಿಮ್ ಎಂಬ ಹುಡುಗನಿಗೆ ಹೋಯಿತು. ರಜತ್ ಬೆಂಚಿನಲ್ಲಿ ಕೂರಲು ಒಪ್ಪದೆ ತಂಡ ಬಿಟ್ಟ. ನನಗೂ ಮೈದಾನಕ್ಕೆ ಹೋಗುವ ನೆಪ ಉಳಿಯಲಿಲ್ಲ. ಆದರೆ ಸ್ಕೋರು ಮೌರಿಸ್ ಕಳಿಸುತ್ತಿದ್ದ. ಐದು ಪಂದ್ಯಕ್ಕೆ ನಾಲ್ಕೇ ಗೋಲು! "ಸರ್ವೋತ್ತಮಣ್ಣ, ನೀವು ಜೋಯಿಸರಾಗಬೇಕಿತ್ತು," ಎಂದು ಬರೆದಿದ್ದ. ಬಸ್ಸಿನಲ್ಲಿ ಆ ಸಂದೇಶವನ್ನು ಮೂವರಿಗೆ ತೋರಿಸಿದೆ. ನಾವು ಹೊಡೆದ ಗೋಲುಗಳೂ ಕಡಿಮೆಯಾಗಿದ್ದವು, ಪಟ್ಟಿಯಲ್ಲಿ ಆಗಲೂ ಐದನೇ ಸ್ಥಾನವೇ. ಆದರೆ ನನ್ನನ್ನು ಕೇಳಿದ್ದು ಡಿಫೆನ್ಸಿನ ಬಗ್ಗೆ ಮಾತ್ರ.

ಮನೆಯಲ್ಲಿ ರಜತ್ ಮಾತು ಬಿಡಲಿಲ್ಲ. ಉಪ್ಪಿನಕಾಯಿ ಕೊಡಿ, ವೈಫೈ ಹೋಗಿದೆ, ಸಿಪಿಆರ್ ಗುರುತಿನ ಕಾರ್ಡು ರಿನ್ಯೂ ಮಾಡಬೇಕು. ಇಂಥ ಮಾತು. ಪಂದ್ಯದ ದಿನ ಸಂಜೆ ನಾಲ್ಕಕ್ಕೆ ಸರಿಯಾಗಿ ಸ್ನಾನಕ್ಕೆ ಹೋಗುತ್ತಿದ್ದ, ಐದೂವರೆಯವರೆಗೆ ಹೊರಬರುತ್ತಿರಲಿಲ್ಲ ಎಂದು ಲೀಲಾಕ್ಷಿ ಹೇಳುತ್ತಿದ್ದಳು.

ಜನವರಿಯಲ್ಲಿ ನಮ್ಮ ವಿಭಾಗವನ್ನು ದುರಸ್ತಿಗಾಗಿ ನಾಲ್ಕು ದಿನ ನಿಲ್ಲಿಸಿದರು. ನನಗೆ ರಜೆ. ಎಂಟನೇ ಪಂದ್ಯ ಆ ದಿನಗಳಲ್ಲೇ ಬಂತು. ನಾನು ನುಡಿದ ಭವಿಷ್ಯ ಹೇಗೆ ನಿಜವಾಗುತ್ತಿದೆ ಎಂದು ಕಣ್ಣಾರೆ ನೋಡುವ ಆಸೆ. ಒಗೆದ ಅಂಗಿ ಹಾಕಿಕೊಂಡು ಮೂರು ಮುಕ್ಕಾಲಿಗೇ ಮೈದಾನದಲ್ಲಿ ಕೂತೆ. ಮೂರೂವರೆ ವರ್ಷದಲ್ಲಿ ಆ ಮೈದಾನದಲ್ಲಿ ಆಟ ಶುರುವಾಗುವುದನ್ನು ನೋಡುತ್ತಿದ್ದದ್ದು ಅದೇ ಮೊದಲು. ಇಷ್ಟು ಬೆಳಕು ಇರುತ್ತದೆ ಎಂದೂ ತಿಳಿದಿರಲಿಲ್ಲ.

ಪೀಪಿ ಊದಿದಾಗ ನಮ್ಮ ಗೋಲಿನ ಎದುರು ಜೊಕಿಮ್‌ನ ಪಕ್ಕದಲ್ಲಿ ಎಂಟನೇ ನಂಬರಿನ ಅಬ್ದುಲ್ ಬಾಸಿತ್ ನಿಂತಿದ್ದ. ರಜತ್‌ನ ಗೆಳೆಯ, ಉಳ್ಳಾಲದವರ ಹುಡುಗ, ನಮ್ಮ ಮನೆಯ ನೀರುದೋಸೆಗೆ ಮೂರು ವರ್ಷದಿಂದ ಖಾಯಂ ಗಿರಾಕಿ. ನಾನು ಮೌರಿಸ್‌ನ ಪಕ್ಕಕ್ಕೆ ಹೋಗಿ ಕೂತೆ.

"ಬಾಸಿತ್‌ನನ್ನು ಯಾವಾಗ ಹಿಂದೆ ಹಾಕಿದೆ ಮಾರಾಯ? ಒಳ್ಳೇದು ಮಾಡಿದೆ."

"ಹಿಂದೆ ಹಾಕಿದ್ದಾ? ಅವ ಯಾವಾಗಲೂ ಸ್ಟಾಪರೇ ಅಲ್ವಾ, ಸರ್ವೋತ್ತಮಣ್ಣ. ರಜತ್, ಬಾಸಿತ್, ಇಬ್ಬರು ಸ್ಟಾಪರು."

"ಎಂಟನೇ ನಂಬರು ಅಂದ್ರೆ ಮಧ್ಯದ ಆಟಗಾರ ಅಲ್ವಾ..."

"ಅದು ಅವನ ಅಣ್ಣನ ಅಂಗಿ. ಈಗ ಯಾರು ನಂಬರು ನೋಡ್ತಾರೆ? ಮಂಗಳೂರಿನ ನೆಹರೂ ಮೈದಾನದ ನಿಮ್ಮ ಕಾಲ ಹೋಯ್ತು." ಮೌರಿಸ್ ಹುಡುಗರ ಕಡೆ ಏನೋ ಕೂಗಿ ಮತ್ತೆ ತಿರುಗಿದ. "ಹಾಫ್ ಟೈಮ್ ಆದ ಮೇಲೆ ನಾನು ಅವನನ್ನು ಮುಂದೆ ಕಳಿಸ್ತಿದ್ದೆ, ಉದ್ದ ಇದ್ದಾನಲ್ಲ, ಹೆಡ್ ಮಾಡ್ಲಿಕ್ಕೆ. ನಾವು ಯಾವಾಗಲೂ ಸೋಲುವುದರಲ್ಲೇ ಇರ್ತಿದ್ದೆವು. ಎಲ್ಲ ಮ್ಯಾಚಿನಲ್ಲೂ ಹಾಗೇ. ನೀವು ನೋಡಿದ್ದೀರಲ್ಲ?"

ನಾನು ನೋಡಿದ್ದೆ. ಅವನು ಮುಂದೆ ಇದ್ದದ್ದನ್ನು ಮಾತ್ರ ನೋಡಿದ್ದೆ. ಪುಸ್ತಕದ ಪ್ರತಿ ಪುಟದಲ್ಲೂ ಬಾಸಿತ್‌ನನ್ನು ಮಧ್ಯದ ಆಟಗಾರ ಎಂದು ಬರೆದಿದ್ದೆ.

"ಈಗ ಯಾಕೆ ಕಳಿಸೋದಿಲ್ಲ?" ಕೇಳಿದೆ. ಉತ್ತರ ಗೊತ್ತಾಗಿತ್ತು. ಆದರೂ ಕೇಳಿದೆ.

"ಹೇಗೆ ಕಳಿಸುವುದು? ಈ ಜೊಕಿಮ್ ಚಿಕ್ಕವ, ಒಬ್ಬನನ್ನೇ ಬಿಟ್ರೆ ಹತ್ತು ಗೋಲು ಬೀಳ್ತದೆ. ಇಬ್ಬರ ಜಾಗ ಒಬ್ಬನೇ ಕಾಯಲಿಕ್ಕೆ ರಜತ್‌ನಿಂದ ಮಾತ್ರ ಆಗ್ತಿತ್ತು. ಅಲ್ಲಿ ಬೀಳ್ತಿದ್ದ, ಇಲ್ಲಿ ಬೀಳ್ತಿದ್ದ, ಹೇಗೋ ಎಳೀತಿದ್ದ. ಅವನಿಲ್ಲದ ಮೇಲೆ ಬಾಸಿತ್ ಹಿಂದೆಯೇ ನಿಲ್ಲಬೇಕಾಯ್ತು. ಅದಕ್ಕೇ ಗೋಲು ಕಮ್ಮಿ."

ಪ್ರಥಮಾರ್ಧ ನನ್ನ ಕಣ್ಣೆದುರು ನಡೆಯುತ್ತಲೇ ಇತ್ತು. ಏನೂ ಕಾಣಿಸಲಿಲ್ಲ.

"ಇಷ್ಟು ಗೊತ್ತಿದ್ದೂ ಅವನನ್ನು ಯಾಕೆ ತೆಗೆದೆ? ನನ್ನ ವರದಿ ತಪ್ಪು ಅಂತ ಹೇಳಬಾರದಿತ್ತಾ?"

ಮೌರಿಸ್ ನನ್ನನ್ನು ವಿಚಿತ್ರವಾಗಿ ನೋಡಿದ. "ನೀವು ಅಪ್ಪ. ಕೊನೇ ವರ್ಷ, ಮಾರ್ಕ್ಸ್ ಕಮ್ಮಿ ಆಗ್ತದೆ ಅಂತ ಆಟ ಬಿಡಿಸಲಿಕ್ಕೆ ಬೇಕಂತಲೇ ಹಾಗೆ ಬರೆದದ್ದು ಅಂತ ನಾನು ತಿಳ್ಕೊಂಡೆ. ಹೋದ ವರ್ಷ ಇನ್ನೊಬ್ಬ ಹುಡುಗನ ಅಪ್ಪ ಬೂಟೇ ಅಡಗಿಸಿಟ್ಟಿದ್ರು, ಗೊತ್ತುಂಟಾ? ನೀವಾದ್ರೆ ಮರ್ಯಾದೆಯಲ್ಲಿ ಪೇಪರು ಕೊಟ್ರಿ. ಮತ್ತೆ ಮ್ಯಾನೇಜ್‌ಮೆಂಟಿನವರು, ಹೆತ್ತ ಅಪ್ಪನೇ ಬರೆದಿದ್ದಾನೆ, ಇದಕ್ಕಿಂತ ಸಾಕ್ಷಿ ಬೇಕಾ ಅಂತ ಕೇಳಿದ್ರು."

ದ್ವಿತೀಯಾರ್ಧಕ್ಕೆ ನಾನು ನಿಲ್ಲಲಿಲ್ಲ. ಗುದೈಬಿಯಾದವರೆಗೆ ನಡೆದೇ ಹೋದೆ.

ರಜತ್ ಆಗತಾನೇ ಸ್ನಾನ ಮುಗಿಸಿ ತಲೆ ಒರೆಸಿಕೊಳ್ಳುತ್ತಿದ್ದ. ಲೀಲಾಕ್ಷಿ ಚಹಾ ಸೋಸುತ್ತಿದ್ದಳು. ನಿಂತಲ್ಲೇ ಹೇಳಿಬಿಟ್ಟೆ: "ರಜತ್, ಬಾಸಿತ್ ಸ್ಟಾಪರ್ ಅಂತ ನನಗೆ ಗೊತ್ತಿರಲಿಲ್ಲ."

ಅವನಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಟವೆಲ್ಲು ಕೆಳಗಿಳಿಯಿತು.

"ಗೊತ್ತಿರಲಿಲ್ಲ ಅಂದ್ರೆ?"

"ನಾನು ಬರುವಾಗ ಅವನು ಯಾವಾಗಲೂ ಮುಂದೆ ಇರ್ತಿದ್ದ. ಹಾಫ್, ಮಧ್ಯದಲ್ಲಿ ಆಡುವವನು ಅಂತ ತಿಳಿದಿದ್ದೆ."

"ಮೂರು ವರ್ಷ?"

ನಾನು ಊಟದ ಮೇಜಿನ ಕುರ್ಚಿ ಎಳೆದು ಕೂತೆ.

"ಪಪ್ಪ, ಅವನು ಇದೇ ಟೇಬಲಲ್ಲಿ ಕೂತು ತಿಂತಿದ್ದ. ನಾವಿಬ್ರೂ ಪ್ಲೇಟು, ಲೋಟ ಇಟ್ಟು ನೀನು ಇಲ್ಲಿ ನಿಲ್ಲು, ನಾನು ಇಲ್ಲಿ ಅಂತ ಮಾಡ್ತಿದ್ದೆವು. ನೀವೂ ಇಲ್ಲೇ ಕೂತಿರ್ತಿದ್ರಿ." ಅವನ ದನಿ ಏರಲಿಲ್ಲ. "ನೀವು ಓದಿಗೋಸ್ಕರ ಬಿಡಿಸಿದ್ರಿ ಅಂತ ಅಂದ್ಕೊಂಡಿದ್ದೆ. ಸಿಟ್ಟು ಬಂದಿತ್ತು. ಆದ್ರೂ ಸರಿ, ಏನೋ ನನ್ನ ಒಳ್ಳೇದಕ್ಕೆ ಅಂತ ಅಂದ್ಕೊಂಡಿದ್ದೆ. ಬಾಸಿತ್ ಹತ್ರವೂ ಹಾಗೇ ಹೇಳಿದ್ದೆ."

"ಅವತ್ತೇ ನನಗೆ ಹೇಳಬಹುದಿತ್ತಲ್ಲ."

"ಏನು ಹೇಳೋದು? ನೀವು ಒಂದು ಮ್ಯಾಚೂ ತಪ್ಪಿಸದವರು."

ಲೀಲಾಕ್ಷಿ, "ಸಾಕು ಮಗ," ಎಂದಳು. ಅವನು ಸಾಕು ಮಾಡಿ ಕೋಣೆಗೆ ಹೋದ. ಬಾಗಿಲು ಬಡಿಯಲೂ ಇಲ್ಲ.

ಅವಳು ನನ್ನ ಕಡೆ ತಿರುಗಿದಳು. "ಓದಲಿಕ್ಕೆ ಅಂತ ನಾನು ಸುಳ್ಳು ಹೇಳಿ ಹೇಗೋ ಉಳಿಸಿಟ್ಟಿದ್ದೆ. ಅದನ್ನೂ ಈಗ ಕೆಡಿಸಿಬಿಟ್ಟಿರಲ್ಲ. ಎಂಥ ಸತ್ಯವಂತರು ನೀವು!"

ಮರುದಿನ ಬೆಳಿಗ್ಗೆ ಕಾಲೇಜಿನ ಕ್ರೀಡಾ ಸಮಿತಿಗೆ ತಿದ್ದುಪಡಿ ವರದಿ ಬರೆದೆ. ಕಂಡದ್ದು: ವರದಿಗಾರನು ಮೂವತ್ತು ಪಂದ್ಯಗಳ ದ್ವಿತೀಯಾರ್ಧವನ್ನು ಮಾತ್ರ ನೋಡಿರುತ್ತಾನೆ. ಕಾರಣ: ಗೋಲುಗಳಿಗೆ ಕಾರಣ ನಾಲ್ಕು ಅಲ್ಲ, ನಾಲ್ಕನ್ನು ಒಂಟಿಯಾಗಿ ಬಿಟ್ಟದ್ದು. ಶಿಫಾರಸು ಎಂದು ಬರೆದು, ಅದರ ಮುಂದೆ ನಂಬರು ಹೊಡೆದುಹಾಕಿ ಮೊದಲ ಸಲ ಹೆಸರು ಬರೆದೆ. ರಜತ್‌ನನ್ನು ಉಳಿದ ಎರಡು ಪಂದ್ಯಗಳಿಗಾದರೂ ಬಾಸಿತ್‌ನ ಜೊತೆಗೆ ಆಡಿಸತಕ್ಕದ್ದು.

ಎರಡು ದಿನ ಬಿಟ್ಟು ಉತ್ತರ ಬಂತು, ತುಂಬ ಸೌಜನ್ಯದ್ದು. ನಿಮ್ಮ ಮೂಲ ವರದಿಯ ನಿರೀಕ್ಷೆ ನಿಜವಾಗುತ್ತಿರುವುದರಿಂದ ತಿದ್ದುಪಡಿಯ ಅಗತ್ಯ ಕಾಣುವುದಿಲ್ಲ. ಮಗನ ಮೇಲಿನ ನಿಮ್ಮ ಮಮತೆಯನ್ನು ಸಮಿತಿ ಅರ್ಥ ಮಾಡಿಕೊಳ್ಳುತ್ತದೆ.

ಫೆಬ್ರವರಿಯಲ್ಲಿ ಸೀಸನ್ ಮುಗಿಯಿತು. ಒಟ್ಟು ಗೋಲು ಎಂಟು. ವಾರ್ಷಿಕೋತ್ಸವದ ವರದಿ ಓದುವಾಗ ಪ್ರಾಂಶುಪಾಲರು ಡಿಫೆನ್ಸಿನ ಸುಧಾರಣೆಯನ್ನು ಮೊದಲೇ ಕಂಡ ಪೋಷಕರೆಂದು ನನ್ನ ಹೆಸರು ಹೇಳಿ, ಎದ್ದು ನಿಲ್ಲಬೇಕೆಂದು ಕೇಳಿಕೊಂಡರು. ಲೀಲಾಕ್ಷಿ ಕೈಚೀಲದ ಜಿಪ್ಪು ಎಳೆಯುತ್ತ ಕೂತಿದ್ದಳು. ಎರಡು ಸಾಲು ಮುಂದೆ ರಜತ್ ಗೆಳೆಯರ ನಡುವೆ ಇದ್ದ. ಎಲ್ಲರೂ ತಿರುಗಿ ನನ್ನನ್ನು ನೋಡುತ್ತ ಚಪ್ಪಾಳೆ ತಟ್ಟಿದರು.

ಅವನೂ ತಟ್ಟಿದ. ತಿರುಗಲಿಲ್ಲ.