ಮೊಣಕಾಲಿನ ಮೇಲಿನ ನೀರು

"ಅಪ್ಪಾ, ಪ್ಯಾಂಟು ಮಡಚಬೇಡ. ಇವತ್ತು ಯಾರೂ ನೀರಿಗೆ ಇಳಿಯೋದಿಲ್ಲ."

ಮಗಳ ಮಾತು ಕಿವಿಗೆ ಬೀಳದವರಂತೆ ಯಜಮಾನರು ಎಡಗಾಲು ಮುಗಿಸಿ ಬಲಗಾಲಿಗೆ ಕೈ ಹಾಕಿದರು. ಆಗಷ್ಟೇ ಗುಡ್ಡದ ಮೇಲೆ ಹೆಂಡತಿಯನ್ನು ಮಣ್ಣು ಮಾಡಿ ಬಂದಿದ್ದರು. ನೆಂಟರೆಲ್ಲ ಮನೆಯತ್ತ ಹೊರಟರೆ ಇವರೊಬ್ಬರೇ ಕೆಳಗಿನ ಕಾಲುದಾರಿ ಹಿಡಿದಿದ್ದರು. ಎರಡು ಬಂಡೆಸಾಲುಗಳ ತೋಳಿನೊಳಗೆ ಅವಿತ ಪುಟ್ಟ ಕಡಲತೀರ ಅದು. ಹುಡುಕಿಕೊಂಡು ಬಂದ ಮಗಳ ಹಿಂದೆಯೇ ಮನೆ ಪಕ್ಕದ ಬೇಕರಿಯಾಕೆ ಏದುಸಿರು ಬಿಡುತ್ತ ಬಂದಳು.

"ಇಳೀಲಿ ಬಿಡೇ. ಅಕ್ಕ ಎಷ್ಟು ವರ್ಷ ಕರೆದ್ರೂ ಜಪ್ಪಯ್ಯ ಅನ್ನದವರು, ಇವತ್ತು ತಾವಾಗೇ ಹೊರಟಿದ್ದಾರೆ."

"ಅಮ್ಮ ಇದ್ದಿದ್ರೆ ಹೀಗೆ ಹಿಂದುಮುಂದು ನೋಡದೆ ಇಳಿಯೋಕೆ ಬಿಡ್ತಿದ್ಲಾ?"

"ಅವಳಿದ್ದಿದ್ರೆ ನಾನ್ಯಾಕೆ ಇಳೀತಿದ್ದೆ!" ಎಂದರು ಯಜಮಾನರು.

ಬೇಕರಿಯಾಕೆ ಕಿಸಕ್ಕನೆ ನಕ್ಕಳು. ಇಂಥ ದಿನ ನಕ್ಕುಬಿಟ್ಟೆನಲ್ಲ ಎಂದು ಬಾಯಿಗೆ ಕೈ ಅಡ್ಡ ಹಿಡಿದು ನೋಡಿದರೆ ಮಗಳೂ ನಗುತ್ತಿದ್ದಳು.

*

ಮದುವೆಯ ಹೊಸದರಲ್ಲಿ, ಗಡಿಯಾರ ರಿಪೇರಿಯ ತರುಣನಾಗಿದ್ದ ಈ ಯಜಮಾನ ಇದೇ ನೀರಲ್ಲಿ ನಿಂತು, ಕಡಲಿಗೆ ಬೆನ್ನು ಹಾಕಿ, ದಡದಲ್ಲಿದ್ದ ಹೆಂಡತಿಗೆ ಜಂಭದಿಂದ ಕೈ ಬೀಸಿದ್ದ. ಹಿಂದಿನಿಂದ ಬಂದ ಅಲೆ ಅವನನ್ನು ಮೂಟೆಯಂತೆ ಉರುಳಿಸಿತು. ಹೆಂಡತಿ ಓಡಿಬಂದು ಕಾಲರು ಹಿಡಿದು ಎಳೆದು ಹಾಕಿದಳು.

"ಕಡಲಿಗೆ ಬೆನ್ನು ತೋರಿಸ್ತಾರೇನ್ರೀ?"

ಹರಿದ ಕಾಲರನ್ನು ಅವಳೇ ಹೊಲಿದುಕೊಟ್ಟಳು. ಗಂಡ ಮಾತ್ರ ಅಂದಿನಿಂದ ದಡದ ಮನುಷ್ಯನಾದ.

ಹೆಂಡತಿಯೋ, ಬೀದಿಗೆಲ್ಲ ಟೈಲರಮ್ಮ. ಬಟ್ಟೆಯ ಅಳತೆ ತೆಗೆಯುತ್ತಲೇ, "ತೋಳು ಗಟ್ಟಿಯಾಗಿದೆ, ಈಜು ಬರುತ್ತಾ?" ಎಂದು ಕೇಳುವರು. ಬರದವರನ್ನು ರಜೆಯ ದಿನ ಇಲ್ಲಿಗೆ ಎಳೆದು ತರುವರು. ಬಂದವರು ಮೊದಲು ಬಂಡೆಯ ಮೇಲೆ ಕೂತು ನೀರು ನೋಡಬೇಕು.

"ನೊರೆ ಕಂಡ್ರೆ ಹೆದರ್ತೀರಿ. ಅಲ್ನೋಡಿ, ಅಲೆ ಏಳದೆ ನುಣ್ಣಗಿದೆಯಲ್ಲ, ಅದೇ ಒಳಗೆ ಎಳ್ಕೊಳ್ಳೋ ಜಾಗ. ಎಳೆದ್ರೆ ಗುದ್ದಾಡಬೇಡಿ. ಅಂಗಾತ ತೇಲಿ, ಕೈ ಎತ್ತಿ ಕೂಗಿ. ಮಾನ ಮರ್ಯಾದೆ ಆಮೇಲೆ ನೋಡ್ಕೊಳ್ಳೋಣ."

ಬೇಕರಿಯಾಕೆ ಮೊದಲ ದಿನ ಪಾದ ಮುಳುಗುವಷ್ಟು ನೀರಲ್ಲೇ ಊರು ಒಂದಾಗುವಂತೆ ಕೂಗಿದ್ದಳು. ಟೈಲರಮ್ಮ ನಗಲಿಲ್ಲ. "ಶಭಾಷ್! ಕೂಗೋದು ಬಂತು. ಇನ್ನು ಈಜೊಂದೇ ಬಾಕಿ."

ಕಾಯಿಲೆ ಬಿದ್ದ ಮೇಲೆ ಕೊನೆಯ ಸಲ ಬಂದಾಗ ಅವರು ನೀರಿಗಿಳಿಯದೆ ಗಂಡನ ಪಕ್ಕ ಕೂತಿದ್ದರು.

"ನೀರಲ್ಲಿ ತೇಲುವಾಗ ಕಾಣೋದು ಇಲ್ಲಿಂದ ಏನೂ ಕಾಣಿಸಲ್ಲ ಕಣ್ರೀ. ಇಷ್ಟು ವರ್ಷ ಹೇಗೆ ಕೂತಿದ್ರಿ?"

"ನೀನು ಕಾಣಿಸ್ತಿದ್ದೆಯಲ್ಲ."

*

"ಇನ್ನು ಇಲ್ಲಿ ಕೂತು ಯಾರನ್ನ ನೋಡ್ಲಿ?" ಎಂದು ಯಜಮಾನರು ಎದ್ದು, ಎಡಗಡೆಯ ಬಂಡೆಯತ್ತ ಹೆಜ್ಜೆ ಹಾಕಿದರು. "ಇಲ್ಲಿ ಅಲೆಯೇ ಇಲ್ಲ. ಇಲ್ಲೇ ಇಳೀತೀನಿ."

ಬಂಡೆಯ ಪಕ್ಕ ನೀರು ಕಪ್ಪಗೆ, ನುಣ್ಣಗೆ ಹೊರಗೆ ಸರಿಯುತ್ತಿತ್ತು. ಮಗಳು ಓಡಿಹೋಗಿ ತೋಳು ಹಿಡಿದಳು.

"ಅಪ್ಪಾ, ಅಲ್ಲಿ ಬೇಡ. ಉಬ್ಬರ ಏರಲಿ, ಈ ಸೆಳೆತ ಅಡಗಲಿ. ಆಗ್ಲೂ ಆ ಕಡೆ ಮರಳು ಇರೋ ಹತ್ರ. ನಾನೂ ಬರ್ತೀನಿ."

ಯಜಮಾನರು ಆ ನುಣುಪನ್ನು ದಿಟ್ಟಿಸಿದರು. ಬಂದು ಮತ್ತೆ ಮೊದಲಿನ ಜಾಗದಲ್ಲೇ ಕೂತರು.

ಮೂವರೂ ಕಾದರು. ಹೊಲಿಗೆ ಯಂತ್ರದ ಮುಂದೆ ಕೂತೇ ಟೈಲರಮ್ಮ ಗಿರಾಕಿಗಳಿಗೆ ಕಾಲು ಬಡಿಯುವುದನ್ನು ಕಲಿಸುತ್ತಿದ್ದ ವೈಖರಿಯನ್ನು ಬೇಕರಿಯಾಕೆ ನಟಿಸಿ ತೋರಿಸುತ್ತ ಮಗುಚಿಬಿದ್ದಳು. ಅಷ್ಟರಲ್ಲಿ ನೀರು ಏರಿತು. ಬಂಡೆಯ ಬದಿಯ ಕಪ್ಪು ಪಟ್ಟೆ ಕರಗಿತು. ಮಗಳು ಇನ್ನಷ್ಟು ಹೊತ್ತು ನೋಡಿಯೇ ಎದ್ದಳು.

ಸೊಂಟದವರೆಗಿನ ನೀರಲ್ಲಿ ಇಬ್ಬರೂ ಯಜಮಾನರನ್ನು ಅಂಗಾತ ಮಲಗಿಸಿದರು.

"ತಲೆ ಹಿಂದಕ್ಕೆ ಬಿಡಿ ಅಣ್ಣ. ಹೊಟ್ಟೆ ಮೇಲಕ್ಕೆ."

"ಹೊಟ್ಟೆ ಯಾವಾಗ್ಲೂ ಮೇಲೇ ಇದೆಯಲ್ಲಮ್ಮ!"

ಬೆನ್ನಡಿಯಲ್ಲಿದ್ದ ಅಂಗೈಯನ್ನು ಮಗಳು ಮೆಲ್ಲಗೆ ತೆಗೆದಳು. ಅವರಿಗೆ ಅದು ಗೊತ್ತಾಗಲಿಲ್ಲ. ಕಿವಿಗಳೆರಡೂ ನೀರೊಳಗಿದ್ದುದರಿಂದ ತಮ್ಮ ದನಿ ತಮಗೇ ಸರಿಯಾಗಿ ಕೇಳದೆ, ಮೇಲಿನ ರಸ್ತೆಯಲ್ಲಿ ಹೋಗುತ್ತಿದ್ದವರು ನಿಂತು ನೋಡುವಷ್ಟು ಜೋರಾಗಿ ಅವರು ಹೇಳುತ್ತಲೇ ಇದ್ದರು:

"ಆಕಾಶ ಎಷ್ಟೊಂದಿದೆ ಕಣೇ! ಎಷ್ಟೊಂದಿದೆ!"