ಮೊದಲ ಹಂತದ ದನಿ

ಮೂರು ವಾರ ಕಳೆದರೂ ಮಗಳು ಆಟದ ಮೊದಲ ಹಂತ ಬಿಟ್ಟು ಕದಲದಿದ್ದುದು ಇಂಗ್ಲಿಷ್ ಟೀಚರಮ್ಮನಿಗೆ ತಲೆ ತಗ್ಗಿಸುವ ಸಂಗತಿಯಾಗಿತ್ತು. ಕಂಪ್ಯೂಟರ್ ಆಟ ಆಡಿಸಿ ಇಂಗ್ಲಿಷ್ ಪದ ಕಲಿಸುವ ಏರ್ಪಾಡನ್ನು ಹಟ ಹಿಡಿದು ಶಾಲೆಗೆ ತಂದವಳೇ ಅವಳು. ಎರಡನೇ ಕ್ಲಾಸಿನ ಉಳಿದ ಮಕ್ಕಳೆಲ್ಲ ಐದನೇ ಹಂತದಲ್ಲಿದ್ದರೆ, ಇವಳು ಮಾತ್ರ ನಿದ್ದೆಗಣ್ಣಲ್ಲೂ ಹೇಳಬಲ್ಲ ಕ್ಯಾಟ್, ಡಾಗ್, ಕಪ್ ಚಿತ್ರಗಳನ್ನೇ ಒತ್ತುತ್ತಾ ಕೂತಿರುತ್ತಿದ್ದಳು.

“ನನ್ನ ಮಾನ ಕಳೀಬೇಕು ಅಂತಲೇ ಕೂತಿದ್ದೀಯೇನೇ?” ಎಂದು ಇಡೀ ಕ್ಲಾಸಿನ ಎದುರು ಗದರಿ, ಮೌಸ್ ಕಿತ್ತುಕೊಂಡು ತಾನೇ ಐದನೇ ಹಂತ ಹಾಕಿಕೊಟ್ಟಳು. ಹುಡುಗಿ ಅದನ್ನೇ ಆಡತೊಡಗಿದಳು.

ಗಂಟೆ ಹೊಡೆದು ಮಕ್ಕಳು ಹೊರಟ ಮೇಲೆ, ಅಂಥದ್ದೇನಿದೆ ಇದರಲ್ಲಿ, ನೋಡೇಬಿಡೋಣ ಎಂದು ಟೀಚರಮ್ಮ ಮಗಳ ಹೆಡ್‌ಫೋನ್ ಹಾಕಿಕೊಂಡು ಮೊದಲ ಹಂತ ತೆರೆದಳು. ಬೆಕ್ಕನ್ನು ಒತ್ತಿದಳು.

“ಭೇಷ್, ನನ್ನ ಬಂಗಾರ!”

ತನ್ನದೇ ದನಿ. ಆಟ ಮಾಡಿಕೊಟ್ಟವನು ರಜೆಯಲ್ಲಿ ಅವಳನ್ನು ಕೂರಿಸಿಕೊಂಡು, “ಇನ್ನೊಂಚೂರು ಪ್ರೀತಿಯಿಂದ ಹೇಳಿ, ಮೇಡಂ” ಎಂದು ಹತ್ತಾರು ಸಲ ಹೇಳಿಸಿ ರೆಕಾರ್ಡ್ ಮಾಡಿಕೊಂಡಿದ್ದ. ಎಳೆಯರಿಗೆ ಹುರುಪು ಬರಲೆಂದು ಮೊದಲ ಹಂತದಲ್ಲಿ ಪ್ರತಿ ಪದಕ್ಕೂ ಅದನ್ನೇ ಇಟ್ಟಿದ್ದ. ಎರಡನೇ ಹಂತದಿಂದ ಮುಂದೆ ಬರೀ ಟಿಣ್ ಎಂಬ ಸದ್ದು. ಮನೆಯಲ್ಲಿ ಮಗಳಿಗೆ ಆ ಮಾತನ್ನು ಯಾವತ್ತು ಆಡಿದ್ದೆ ಎಂದು ಎಷ್ಟು ತಡಕಾಡಿದರೂ ಒಂದು ದಿನವೂ ನೆನಪಿಗೆ ಬರಲಿಲ್ಲ. ಹೆಡ್‌ಫೋನ್ ತೆಗೆದಿಟ್ಟು ಹೊರಗೆ ಬಂದಳು.

ಗೇಟಿನ ಹತ್ತಿರ ಮಗಳು ಚೀಲ ಹೊತ್ತು ಕಾಯುತ್ತಿದ್ದಳು. “ಅಮ್ಮಾ, ಐದನೇದೂ ಮುಗಿಸಿಬಿಟ್ಟೆ” ಎಂದಳು.

ಹೇಳಬೇಕಾದ ಮಾತು ಟೀಚರಮ್ಮನ ನಾಲಿಗೆ ತುದಿಗೇ ಬಂದಿತ್ತು. ಹಾಳು ರೂಢಿ! ಬಾಯಿಂದ ಹೊರಬಿದ್ದದ್ದು, “ಎಷ್ಟು ತಪ್ಪಾಯ್ತು?”